ಹತ್ತು ದಿನದ ಸೇವೆಗೆ ಬರುವ ಮುನ್ನ



ಅಮೆರಿಕದ ನಿಮ್ಮ ಚರ್ಚಿನ ಯುವಕರೊಡನೆ ತವರೂರು ಹಾನಗಲ್ಲಿನ ಕಡೆ ಬಂದು ಅನಾಥಾಲಯದಲ್ಲಿ ಹತ್ತು ದಿನ ಸೇವೆ ಮಾಡುವ ಆಸೆ ದೊಡ್ಡದು. ಹಾನಗಲ್ಲಿರಲಿ, ಸವಣೂರಿರಲಿ, ಆ ಸಂಸ್ಥೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲು ವಿಚಾರಿಸಿ. ಪ್ರವಾಸಿ ವೀಸಾದಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ. ಮಕ್ಕಳ ಫೋಟೊ ಫೇಸ್‌ಬುಕ್‌ಗೆ ಹಾಕಲೇಬೇಡಿ. ಗುರುತು ಬಯಲು ಮಾಡಿದರೆ ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಶಿಕ್ಷೆಯುಂಟು.

ಇಂಥ ಅನಾಥಾಲಯಗಳಲ್ಲಿ ಇರುವ ಎಷ್ಟೋ ಮಕ್ಕಳಿಗೆ ಅವ್ವನೋ ಅಪ್ಪನೋ ಇರುತ್ತಾರೆ. ಅಲ್ಲಿಗೆ ಕಳಿಸಿದ್ದು ಬಡತನ. ಬಂದವರಿಗೆಲ್ಲ ಅಂಟಿಕೊಳ್ಳುವ ಮಗು ಹತ್ತನೇ ದಿನ ಮತ್ತೊಬ್ಬರನ್ನು ಕಳೆದುಕೊಳ್ಳುತ್ತದೆ. ಇದು ನನ್ನನ್ನು ಬಹಳ ಕಾಡುತ್ತದೆ. ಎತ್ತಿ ಮುದ್ದಿಸುವುದನ್ನು ದಿನವೂ ಜೊತೆಗಿರುವ ಆಯಾಗೆ ಬಿಡಿ. ನೀವು ಅವಳ ಅಡುಗೆಮನೆ ಕೆಲಸಕ್ಕೆ ಕೈಹಚ್ಚಿ, ಹೊರಡುವ ದಿನವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.