ಒಂದು ಕಿಟ್, ಹತ್ತು ಮಕ್ಕಳು: ಶಾಲಾ ರೋಬೋಟಿಕ್ಸ್ ಸ್ಪರ್ಧಾ ಋತುವಿನ ಸಿದ್ಧತೆ

(ಅಧ್ಯಯನ ಲೇಖನ: ಪ್ರೌಢಶಾಲಾ ಮುಖ್ಯ ಶಿಕ್ಷಕರು, ವಿಜ್ಞಾನ ಮತ್ತು ಗಣಿತ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಗಳು, ಗ್ರಾಮ ಪಂಚಾಯಿತಿ ಅಧಿಕಾರಿಗಳು ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರ ಗಮನಕ್ಕೆ)

ಪೀಠಿಕೆ

ವಿದ್ಯಾರ್ಥಿಗಳ ರೋಬೋಟಿಕ್ಸ್ ಸ್ಪರ್ಧೆಯೆಂದರೆ ಒಂದು ದಿನದ ಪ್ರದರ್ಶನವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಹಲವು ತಿಂಗಳ ಕಾಲ ನಡೆಯುವ ಒಂದು ಋತು. ಕೊಯ್ಲಿನ ದಿನ ಬಿತ್ತನೆ ಸಾಧ್ಯವಿಲ್ಲದಂತೆ, ಸ್ಪರ್ಧೆಯ ಹಿಂದಿನ ವಾರ ರೋಬೋಟನ್ನು ಸಿದ್ಧಪಡಿಸುವುದೂ ಸಾಧ್ಯವಿಲ್ಲ.

2016ರಲ್ಲಿ ಆರಂಭವಾದ ಅಟಲ್ ಇನೋವೇಶನ್ ಮಿಷನ್ ಅಡಿಯಲ್ಲಿ ಆಯ್ಕೆಯಾದ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಸ್ಥಾಪನೆಗಾಗಿ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುತ್ತದೆ. ಮುಂದಿನ 5 ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂತಹ 50,000 ಲ್ಯಾಬ್‌ಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಗಿದೆ. ಆದ್ದರಿಂದ ಮೋಟಾರು, ಸಂವೇದಕ ಮತ್ತು ನಿಯಂತ್ರಕಗಳು ಗ್ರಾಮೀಣ ಶಾಲೆಗಳಿಗೂ ತಲುಪತೊಡಗಿವೆ. ಸಾಮಗ್ರಿ ತಲುಪಿದ ಬಳಿಕ ಎರಡು ಅಪಾಯಗಳು ಉಳಿಯುತ್ತವೆ. ಕಿಟ್ ಕಳೆದೀತೆಂಬ ಭಯದಿಂದ ಅದು ಕಪಾಟಿನ ಬೀಗದೊಳಗೇ ಉಳಿಯುವುದು ಮೊದಲನೆಯದು. ಕಿಟ್ ಹೊರಬಂದರೂ ಒಬ್ಬಿಬ್ಬರು ಚುರುಕು ಮಕ್ಕಳ ಕೈಯಲ್ಲಷ್ಟೇ ಇದ್ದು, ಉಳಿದವರು ಸುತ್ತಲೂ ನಿಂತು ನೋಡುವಂತಾಗುವುದು ಎರಡನೆಯದು. ಈ ಎರಡನ್ನೂ ತಪ್ಪಿಸಿ ಒಂದು ಋತುವನ್ನು ನಡೆಸುವ ಕ್ರಮವನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

1. ಸ್ಪರ್ಧೆಯ ಸ್ವರೂಪ

ಉದಾಹರಣೆಗಾಗಿ ಫಸ್ಟ್ ಲೆಗೋ ಲೀಗ್ ಚಾಲೆಂಜ್ ಸ್ಪರ್ಧೆಯನ್ನು ಪರಿಗಣಿಸಬಹುದು. ಇದರ ಮೂಲಸಂಸ್ಥೆಯಾದ ಫಸ್ಟ್ ಅನ್ನು ಅಮೆರಿಕದ ಸಂಶೋಧಕ ಡೀನ್ ಕೇಮನ್ ಅವರು 1989ರಲ್ಲಿ ಸ್ಥಾಪಿಸಿದರು. ಅದರ ಮೊದಲ ರೋಬೋಟಿಕ್ಸ್ ಸ್ಪರ್ಧೆಯು 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದ ಶಾಲೆಯೊಂದರ ವ್ಯಾಯಾಮ ಶಾಲೆಯಲ್ಲಿ ನಡೆಯಿತು. ಕಿರಿಯ ಮಕ್ಕಳಿಗಾಗಿ ರೂಪಿಸಿದ ಲೆಗೋ ಲೀಗ್ ಇಂದು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ನಡೆಯುತ್ತಿದೆ.

ಒಂದು ತಂಡದಲ್ಲಿ ಗರಿಷ್ಠ 10 ಮಕ್ಕಳಿರುತ್ತಾರೆ. ಸುಮಾರು 236 ಸೆಂ.ಮೀ. ಉದ್ದ ಮತ್ತು 114 ಸೆಂ.ಮೀ. ಅಗಲದ ಮೇಜಿನ ಮೇಲೆ ಮಾದರಿಗಳನ್ನು ಇರಿಸಲಾಗಿರುತ್ತದೆ. ರೋಬೋಟು ಎರಡೂವರೆ ನಿಮಿಷಗಳಲ್ಲಿ, ರಿಮೋಟಿನ ಸಹಾಯವಿಲ್ಲದೆ, ಮಕ್ಕಳು ಮೊದಲೇ ಬರೆದ ಪ್ರೋಗ್ರಾಂ ಪ್ರಕಾರ ತಾನೇ ಚಲಿಸಿ ಕಾರ್ಯಗಳನ್ನು ಪೂರೈಸಬೇಕು. ತಂಡಕ್ಕೆ ಮೂರು ಅಧಿಕೃತ ಓಟಗಳಿದ್ದು, ಅತ್ಯುತ್ತಮ ಅಂಕವನ್ನು ಪರಿಗಣಿಸಲಾಗುತ್ತದೆ.

ಅನೇಕರ ಗಮನಕ್ಕೆ ಬಾರದ ಸಂಗತಿಯೆಂದರೆ, ರೋಬೋಟಿನ ಓಟವು ಸ್ಪರ್ಧೆಯ ನಾಲ್ಕು ಭಾಗಗಳಲ್ಲಿ ಒಂದು ಮಾತ್ರ. ರೋಬೋಟಿನ ವಿನ್ಯಾಸ, ನಾವೀನ್ಯ ಯೋಜನೆ ಮತ್ತು ತಂಡದ ಮೌಲ್ಯಗಳು ಉಳಿದ ಮೂರು ಭಾಗಗಳು. ತಮ್ಮ ಕೆಲಸವನ್ನು ಮಕ್ಕಳೇ ತೀರ್ಪುಗಾರರ ಮುಂದೆ ವಿವರಿಸಬೇಕು. ಆದುದರಿಂದ ಯಂತ್ರವನ್ನು ಮುಟ್ಟಿಯೇ ನೋಡದ ಮಗುವು ಅಂಕಗಳ ದೃಷ್ಟಿಯಿಂದಲೂ ತಂಡದ ಕೊರತೆಯೇ ಆಗುತ್ತದೆ. ನಿಯಮಗಳು ಋತುವಿನಿಂದ ಋತುವಿಗೆ ಬದಲಾಗುವುದರಿಂದ, ಆಯಾ ವರ್ಷದ ನಿಯಮಪುಸ್ತಕವನ್ನೇ ಅಂತಿಮವೆಂದು ಭಾವಿಸತಕ್ಕದ್ದು.

2. ಕಿಟ್‌ನ ಸಮಯವನ್ನು ಹಂಚುವುದು

ವಾರಕ್ಕೆ ಎರಡು ದಿನ, ದಿನಕ್ಕೆ 90 ನಿಮಿಷಗಳಂತೆ 16 ವಾರ ಅಭ್ಯಾಸ ನಡೆದರೆ ಒಟ್ಟು 48 ಗಂಟೆಗಳಾಗುತ್ತವೆ. ಒಂದೇ ಕಿಟ್ ಇರುವ ಶಾಲೆಯಲ್ಲಿ ಇದನ್ನು 10 ಮಕ್ಕಳಿಗೆ ಸಮನಾಗಿ ಹಂಚಿದರೆ ಪ್ರತಿಯೊಬ್ಬರಿಗೂ 4 ಗಂಟೆ 48 ನಿಮಿಷ ದೊರೆಯುತ್ತದೆ. ಒಬ್ಬನೇ ಅರ್ಧ ಸಮಯವನ್ನು ಬಳಸಿಕೊಂಡರೆ ಉಳಿದ ಒಂಬತ್ತು ಮಕ್ಕಳಿಗೆ ತಲಾ 2 ಗಂಟೆ 40 ನಿಮಿಷ ಮಾತ್ರ ಉಳಿಯುತ್ತದೆ. ಇಡೀ ಋತುವಿಗೆ ಇಷ್ಟೇ. ಹೀಗಾಗಿ ಹಂಚಿಕೆಯನ್ನು ಮಕ್ಕಳ ಉತ್ಸಾಹಕ್ಕೆ ಬಿಡದೆ, ಲಿಖಿತ ವೇಳಾಪಟ್ಟಿಯ ಮೂಲಕ ಮಾಡಬೇಕು.

ಇದಕ್ಕೆ ಸರಳ ಮಾರ್ಗ ಜೋಡಿ ಪದ್ಧತಿ. ಹತ್ತು ಮಕ್ಕಳನ್ನು ಐದು ಜೋಡಿಗಳಾಗಿ ಮಾಡಿದರೆ ಪ್ರತಿ ಜೋಡಿಗೂ 9 ಗಂಟೆ 36 ನಿಮಿಷ ಸಿಗುತ್ತದೆ. ಜೋಡಿಯಲ್ಲಿ ಒಬ್ಬರು ರೋಬೋಟನ್ನು ನಿರ್ವಹಿಸಿದರೆ ಇನ್ನೊಬ್ಬರು ಫಲಿತಾಂಶವನ್ನು ಬರೆದುಕೊಳ್ಳುತ್ತಾರೆ. ಮುಂದಿನ ಸರದಿಯಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಆ ಹೊತ್ತಿನಲ್ಲಿ ಉಳಿದ ನಾಲ್ಕು ಜೋಡಿಗಳು ಮೇಜಿನ ದೂರಗಳನ್ನು ಅಳೆಯುವುದು, ಪ್ರೋಗ್ರಾಮಿನ ಹಂತಗಳನ್ನು ಕಾಗದದ ಮೇಲೆ ಬರೆಯುವುದು, ಬಿಡಿಭಾಗಗಳಿಂದ ಜೋಡಣೆಗಳನ್ನು ಕಟ್ಟುವುದು ಮತ್ತು ಯೋಜನೆಯ ಮಾಹಿತಿ ಸಂಗ್ರಹಿಸುವುದು ಮೊದಲಾದ ಕೆಲಸಗಳಲ್ಲಿ ತೊಡಗಿರಬೇಕು.

ಹೆಣ್ಣುಮಕ್ಕಳಿಗೆ ಚಾರ್ಟ್ ಬರೆಯುವುದು, ಗಂಡುಮಕ್ಕಳಿಗೆ ಯಂತ್ರ ನಡೆಸುವುದು ಎಂಬ ವಿಭಜನೆ ಯಾರೂ ಹೇಳದೆಯೇ ಏರ್ಪಡುವುದುಂಟು. ಪ್ರತಿ ವಾರದ ಕೊನೆಯಲ್ಲಿ ಯಾರು ಎಷ್ಟು ನಿಮಿಷ ಯಂತ್ರವನ್ನು ನಿರ್ವಹಿಸಿದರೆಂಬುದನ್ನು ವಹಿಯಲ್ಲಿ ನಮೂದಿಸಿದರೆ ಇದು ತಾನಾಗಿಯೇ ಬೆಳಕಿಗೆ ಬರುತ್ತದೆ. ಹಾಜರಾತಿ ಪುಸ್ತಕದಷ್ಟೇ ಸರಳವಾದ ಈ ದಾಖಲೆ ನ್ಯಾಯವಾದ ಹಂಚಿಕೆಗೆ ಉತ್ತಮ ಸಾಧನ.

ಹಿರಿಯರಿಗೂ ಒಂದು ನಿಯಮವುಂಟು. ಕಟ್ಟುವುದು ಮತ್ತು ಪ್ರೋಗ್ರಾಂ ಬರೆಯುವುದು ಮಕ್ಕಳ ಕೆಲಸ. ಪ್ರಶ್ನೆ ಕೇಳುವುದು ಶಿಕ್ಷಕರ ಕೆಲಸ. ಶಿಕ್ಷಕರು ಐದು ನಿಮಿಷದಲ್ಲಿ ಸರಿಪಡಿಸಿಕೊಟ್ಟ ದೋಷವನ್ನು ಮಗುವು ಕಲಿತಂತಾಗುವುದಿಲ್ಲ. ಸ್ಪರ್ಧೆಯ ದಿನ ಅದೇ ದೋಷ ಮರುಕಳಿಸಿದಾಗ ಮೇಜಿನ ಬಳಿ ಶಿಕ್ಷಕರೂ ಇರುವುದಿಲ್ಲ.

3. ಹದಿನಾರು ವಾರಗಳ ಯೋಜನೆ

ಯೋಜನೆಯನ್ನು ಸ್ಪರ್ಧೆಯ ದಿನದಿಂದ ಹಿಂದಕ್ಕೆ ಎಣಿಸಿ ರೂಪಿಸಬೇಕು. ಋತುವಿನ ವಿಷಯ ಆಗಸ್ಟ್ ತಿಂಗಳಲ್ಲಿ ಪ್ರಕಟವಾದರೆ ದಸರಾ ರಜೆ ನಡುವೆ ಬರುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ದಿನಗಳನ್ನೂ ಕಳೆಯಬೇಕು. ಎಸ್‌ಎಸ್‌ಎಲ್‌ಸಿ ಮಕ್ಕಳ ಹೊರೆಯನ್ನು ಗಮನಿಸಿ, 8 ಮತ್ತು 9ನೇ ತರಗತಿಯ ಮಕ್ಕಳನ್ನು ತಂಡದ ಆಧಾರವಾಗಿಸಿಕೊಳ್ಳುವುದು ಸೂಕ್ತ. 8ನೇ ತರಗತಿಯವರು ಮರುವರ್ಷ ಹೊಸಬರಿಗೆ ಕಲಿಸುವವರಾಗುತ್ತಾರೆ.

1ರಿಂದ 2ನೇ ವಾರ: ನಿಯಮಪುಸ್ತಕವನ್ನು ಕನ್ನಡದಲ್ಲಿ ವಿವರಿಸಿ ಓದುವುದು; ಮೇಜು ಮತ್ತು ಮಾದರಿಗಳನ್ನು ಸಿದ್ಧಪಡಿಸುವುದು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಲಗೆಯಿಂದ ಸ್ಥಳೀಯ ಬಡಗಿಯೇ ಮೇಜನ್ನು ಮಾಡಿಕೊಡಬಲ್ಲರು. ಮಟ್ಟವನ್ನು ರಸಮಟ್ಟದಿಂದ ಪರೀಕ್ಷಿಸಬೇಕು.

3ರಿಂದ 4ನೇ ವಾರ: ಮೂಲ ರೋಬೋಟನ್ನು ಕಟ್ಟುವುದು, ನೇರ ಚಲನೆ ಮತ್ತು ತಿರುವುಗಳ ಅಭ್ಯಾಸ.

5ರಿಂದ 10ನೇ ವಾರ: ಕಾರ್ಯಗಳನ್ನು ಒಂದೊಂದಾಗಿ ಸಾಧಿಸುವುದು.

11ರಿಂದ 13ನೇ ವಾರ: ಕಾರ್ಯಗಳನ್ನು ಜೋಡಿಸಿ 150 ಸೆಕೆಂಡುಗಳ ಪೂರ್ಣ ಓಟವಾಗಿಸುವುದು.

14ನೇ ವಾರ: ನಿರ್ಮಾಣಕ್ಕೆ ತೆರೆ. ಇದರ ನಂತರ ಹೊಸ ಜೋಡಣೆಗಾಗಲೀ ಹೊಸ ಕಾರ್ಯಕ್ಕಾಗಲೀ ಅವಕಾಶವಿಲ್ಲ.

15ರಿಂದ 16ನೇ ವಾರ: ಪೂರ್ವಾಭ್ಯಾಸ ಮತ್ತು ಮಂಡನೆ.

14ನೇ ವಾರದ ಗಡಿಯನ್ನು ಪಾಲಿಸುವುದು ಕಷ್ಟ, ಆದರೆ ಅಗತ್ಯ. ಇದೇ ಫಸ್ಟ್ ಸಂಸ್ಥೆಯ ಹಿರಿಯ ಮಕ್ಕಳ ಸ್ಪರ್ಧೆಯಲ್ಲಿ ನಿರ್ಮಾಣಕ್ಕೆ ಸುಮಾರು ಆರು ವಾರಗಳ ಮಿತಿಯಿತ್ತು. ಅವಧಿ ಮುಗಿದೊಡನೆ ರೋಬೋಟನ್ನು ಚೀಲದಲ್ಲಿಟ್ಟು ಮೊಹರು ಮಾಡಬೇಕಾಗಿತ್ತು. 2020ರ ಋತುವಿನಿಂದ ಆ ನಿಯಮವನ್ನು ಕೈಬಿಡಲಾಯಿತು. ನಿಯಮವಿಲ್ಲದಿದ್ದಾಗ ಸಂಯಮವನ್ನು ತಂಡವೇ ತಂದುಕೊಳ್ಳಬೇಕಾಗುತ್ತದೆ.

4. ಒಮ್ಮೆ ಆದದ್ದು, ಹತ್ತು ಬಾರಿ ಆಗುವುದು

ಸಿದ್ಧತೆಯ ತಿರುಳು ಈ ಭಾಗದಲ್ಲಿದೆ. ಒಂದು ಕಾರ್ಯವು ಹತ್ತರಲ್ಲಿ ಒಂಬತ್ತು ಬಾರಿ ಯಶಸ್ವಿಯಾದರೆ ಅದು ಸಿದ್ಧವಾಯಿತೆಂದು ಮಕ್ಕಳು ಭಾವಿಸುತ್ತಾರೆ. ಆದರೆ ಅಂತಹ ಆರು ಕಾರ್ಯಗಳು ಒಂದೇ ಓಟದಲ್ಲಿ ಯಶಸ್ವಿಯಾಗುವ ಸಂಭವನೀಯತೆ 0.9ರ ಆರನೇ ಘಾತ, ಅಂದರೆ ಸುಮಾರು 0.53. ಎರಡು ಓಟಗಳಲ್ಲಿ ಒಂದು ಎಲ್ಲಾದರೂ ಎಡವುತ್ತದೆ. ಪ್ರತಿ ಕಾರ್ಯದ ಯಶಸ್ಸನ್ನು 0.95ಕ್ಕೆ ಏರಿಸಿದರೆ ಒಟ್ಟು ಸಂಭವನೀಯತೆ ಸುಮಾರು 0.74 ಆಗುತ್ತದೆ. ಹೊಸ ಕಾರ್ಯವನ್ನು ಸೇರಿಸುವುದಕ್ಕಿಂತ ಇರುವುದನ್ನು ದೃಢಪಡಿಸುವುದು ಅನೇಕ ವೇಳೆ ಹೆಚ್ಚು ಲಾಭದಾಯಕ.

ಕಾರ್ಯಗಳ ಆಯ್ಕೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. 30 ಅಂಕಗಳ ಕಾರ್ಯವು ಹತ್ತರಲ್ಲಿ ಐದು ಬಾರಿ ಮಾತ್ರ ಯಶಸ್ವಿಯಾದರೆ ನಿರೀಕ್ಷಿತ ಅಂಕ 15. 20 ಅಂಕಗಳ ಕಾರ್ಯವು ಒಂಬತ್ತು ಬಾರಿ ಯಶಸ್ವಿಯಾದರೆ ನಿರೀಕ್ಷಿತ ಅಂಕ 18. ಗಣಿತದ ತರಗತಿಯ ಸಂಭವನೀಯತೆ ಇಲ್ಲಿ ಮಕ್ಕಳ ಸ್ವಂತ ನಿರ್ಧಾರಕ್ಕೆ ಆಧಾರವಾಗುತ್ತದೆ.

ವಿಫಲತೆಗೆ ಕಾರಣಗಳು ಬಹುತೇಕ ಸರಳವಾಗಿರುತ್ತವೆ:

(ಅ) ಆರಂಭದ ಜೋಡಣೆ: ರೋಬೋಟನ್ನು ಕೇವಲ 1 ಡಿಗ್ರಿ ಓರೆಯಾಗಿ ಇಟ್ಟರೂ 1 ಮೀಟರ್ ಚಲಿಸುವಷ್ಟರಲ್ಲಿ ಅದು ಸುಮಾರು 17.5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕಣ್ಣಳತೆಯನ್ನು ನಂಬದೆ, ಮೇಜಿನ ಅಂಚಿಗೆ ಒತ್ತಿ ನಿಲ್ಲಿಸುವ ಅಥವಾ ಅಳತೆಯ ಚೌಕಟ್ಟು ಬಳಸುವ ಕ್ರಮವಿರಬೇಕು.

(ಆ) ಸಮಯದ ಬದಲು ಸುತ್ತುಗಳ ಎಣಿಕೆ: ಬ್ಯಾಟರಿ ಇಳಿದಂತೆ ವೇಗ ಬದಲಾಗಬಹುದಾದ್ದರಿಂದ, "2 ಸೆಕೆಂಡು ಚಲಿಸು" ಎಂಬ ಆದೇಶ ಭಿನ್ನ ದೂರಗಳನ್ನು ಕೊಡುತ್ತದೆ. 56 ಮಿ.ಮೀ. ವ್ಯಾಸದ ಚಕ್ರದ ಸುತ್ತಳತೆ ಸುಮಾರು 176 ಮಿ.ಮೀ.; 1 ಮೀಟರ್ ದೂರಕ್ಕೆ ಸುಮಾರು 5.7 ಸುತ್ತುಗಳು ಬೇಕು. ಸುತ್ತುಗಳನ್ನು ಎಣಿಸುವ ಆದೇಶವೇ ಹೆಚ್ಚು ವಿಶ್ವಾಸಾರ್ಹ.

(ಇ) ಧೂಳು: ಚಕ್ರದ ರಬ್ಬರಿಗೆ ಧೂಳು ಹಿಡಿದರೆ ಅದು ಜಾರುತ್ತದೆ. ಪ್ರತಿ ಅಭ್ಯಾಸಕ್ಕೆ ಮುನ್ನ ಚಕ್ರ ಮತ್ತು ಮೇಜನ್ನು ಒರೆಸತಕ್ಕದ್ದು.

(ಈ) ಬೆಳಕು: ಕಿಟಕಿಯ ಬಿಸಿಲಿನಲ್ಲಿ ಹೊಂದಿಸಿದ ಬಣ್ಣ ಸಂವೇದಕವು ಸಭಾಂಗಣದ ದೀಪದಡಿ ಬೇರೆ ಮೌಲ್ಯ ತೋರಿಸಬಹುದು. ಸ್ಥಳದಲ್ಲಿಯೇ ಮರುಹೊಂದಿಸುವುದನ್ನು ಮಕ್ಕಳು ಕಲಿತಿರಬೇಕು.

ದೋಷ ಹುಡುಕುವಾಗ ಒಮ್ಮೆಗೆ ಒಂದನ್ನೇ ಬದಲಿಸಿ, ಹತ್ತು ಬಾರಿ ಓಡಿಸಿ, ಫಲಿತಾಂಶವನ್ನು ಬರೆಯಬೇಕು. ಎರಡು ಬೇರೆ ಬೇರೆ ಜೋಡಿಗಳ ಕೈಯಲ್ಲಿ ಹತ್ತಕ್ಕೆ ಒಂಬತ್ತು ಬಾರಿ ಯಶಸ್ವಿಯಾದ ಕಾರ್ಯವನ್ನು ಮಾತ್ರ ಅಂತಿಮ ಓಟಕ್ಕೆ ಸೇರಿಸಬೇಕು. ಈ ಒಂದು ನಿಯಮ ಯಂತ್ರದ ದೃಢತೆಯನ್ನೂ ತಂಡದ ಸಮಾನತೆಯನ್ನೂ ಒಟ್ಟಿಗೆ ಕಾಯುತ್ತದೆ: ಒಬ್ಬನಿಗೆ ಮಾತ್ರ ಒಲಿಯುವ ಕಾರ್ಯವು ತಂಡದ ಕಾರ್ಯವೆನಿಸುವುದಿಲ್ಲ. ಅರ್ಡುಯಿನೋ ಮೊದಲಾದ ಇತರ ಕಿಟ್‌ಗಳಿಂದ ಬೇರೆ ಸ್ಪರ್ಧೆಗಳಿಗೆ ಸಿದ್ಧರಾಗುವ ಶಾಲೆಗಳಿಗೂ ಇದೇ ಕ್ರಮ ಸಲ್ಲುತ್ತದೆ.

5. ಯೋಜನಾ ವಿಷಯ ಮತ್ತು ಗ್ರಾಮ ಪಂಚಾಯಿತಿ

ಪ್ರತಿ ಋತುವಿಗೂ ಒಂದು ವಿಷಯವಿರುತ್ತದೆ. 2015ರ ಋತುವಿನ ವಿಷಯ ತ್ಯಾಜ್ಯ, 2017ರದ್ದು ನೀರು, 2025ರದ್ದು ಪುರಾತತ್ತ್ವ. ಮಕ್ಕಳು ಆ ವಿಷಯದ ನೈಜ ಸಮಸ್ಯೆಯೊಂದನ್ನು ಗುರುತಿಸಿ, ಬಲ್ಲವರೊಡನೆ ಚರ್ಚಿಸಿ, ಪರಿಹಾರವನ್ನು ರೂಪಿಸಬೇಕು.

ಇಲ್ಲಿ ಗ್ರಾಮೀಣ ತಂಡಕ್ಕೆ ಕೊರತೆಯಿಲ್ಲ. ನೀರಿನ ವಿಷಯ ಬಂದಾಗ ನೀರುಗಂಟಿಗಿಂತ, ತ್ಯಾಜ್ಯದ ವಿಷಯ ಬಂದಾಗ ಸ್ವಚ್ಛ ವಾಹಿನಿಯ ಚಾಲಕಿಗಿಂತ ಹತ್ತಿರದ ಅನುಭವಿ ಯಾರು? ಪುರಾತತ್ತ್ವದ ವಿಷಯಕ್ಕೆ ಊರ ದೇಗುಲದ ಶಾಸನ ಅಥವಾ ಕೆರೆ ಏರಿಯ ವೀರಗಲ್ಲು ಸಾಕು. ಪಂಚಾಯಿತಿ ಅಧಿಕಾರಿಗಳು ಇಂತಹ ಭೇಟಿಗಳಿಗೆ ಅನುವು ಮಾಡಿಕೊಡಬೇಕು. ಅರಿವು ಕೇಂದ್ರದ ಗಣಕಯಂತ್ರಗಳನ್ನು ನಿಗದಿತ ವೇಳೆಯಲ್ಲಿ ತಂಡಕ್ಕೆ ಒದಗಿಸಬಹುದು. ಪ್ರಯಾಣ ಹಾಗೂ ನೋಂದಣಿ ವೆಚ್ಚದ ಬಗ್ಗೆ ಅನುದಾನದ ಲಭ್ಯತೆ ಮತ್ತು ನಿಯಮಗಳಿಗೆ ಒಳಪಟ್ಟು ಮುಂಚಿತವಾಗಿ ನಿರ್ಣಯ ಕೈಗೊಳ್ಳುವುದು ಒಳಿತು.

ಮಕ್ಕಳು ತಮ್ಮ ಪರಿಹಾರವನ್ನು ಮೊದಲು ಮಕ್ಕಳ ಗ್ರಾಮ ಸಭೆಯಲ್ಲಿ ಮಂಡಿಸಲಿ. ಊರಿನ ಜನ ಕೇಳುವ ಪ್ರಶ್ನೆಗಳು ತೀರ್ಪುಗಾರರ ಪ್ರಶ್ನೆಗಳಿಗಿಂತ ಸುಲಭವಾಗಿರುವುದಿಲ್ಲ. ಮಂಡನೆಯನ್ನು ಮೊದಲು ಕನ್ನಡದಲ್ಲಿಯೇ ಸಿದ್ಧಪಡಿಸಬೇಕು; ಕಂಠಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳು ಮೊದಲ ಮರುಪ್ರಶ್ನೆಗೇ ನಿಂತುಹೋಗುತ್ತವೆ. ತೀರ್ಪಿನ ಭಾಷೆಯ ಬಗ್ಗೆ ಸಂಘಟಕರಿಂದ ಮೊದಲೇ ತಿಳಿದುಕೊಳ್ಳತಕ್ಕದ್ದು.

6. ಸ್ಪರ್ಧೆಯ ದಿನ

ಹಿಂದಿನ ಸಂಜೆ ಬ್ಯಾಟರಿಯನ್ನು ಪೂರ್ಣ ತುಂಬಿಸಬೇಕು; ವಿದ್ಯುತ್ ಕಡಿತದ ಸಾಧ್ಯತೆಯಿದ್ದಲ್ಲಿ ಮಧ್ಯಾಹ್ನವೇ ಆರಂಭಿಸುವುದು ಲೇಸು. ಪ್ರೋಗ್ರಾಮಿನ ಪ್ರತಿಯನ್ನು ಎರಡು ಕಡೆ ಉಳಿಸಿರಬೇಕು. ಚಾರ್ಜರ್, ಕೇಬಲ್, ಬಿಡಿಭಾಗಗಳು, ಒರೆಸುವ ಬಟ್ಟೆ, ಅಳತೆಪಟ್ಟಿ ಮತ್ತು ವಹಿಯ ಪಟ್ಟಿಯನ್ನು ಮಕ್ಕಳೇ ಓದಿ ಗುರುತು ಹಾಕಲಿ. ಪೋಷಕರ ಒಪ್ಪಿಗೆ ಪತ್ರ, ಬಾಲಕಿಯರಿದ್ದಲ್ಲಿ ಶಿಕ್ಷಕಿಯೊಬ್ಬರ ಜೊತೆ, ಊಟ ಹಾಗೂ ಮರಳುವ ವಾಹನದ ವ್ಯವಸ್ಥೆ ಮುಖ್ಯ ಶಿಕ್ಷಕರ ಹೊಣೆ.

ಎದುರಾಳಿ ತಂಡಕ್ಕೆ ಒಂದು ಕೇಬಲ್ ಬೇಕಾದರೆ ಕೊಡುವುದು ಈ ಸ್ಪರ್ಧೆಯ ಸಂಪ್ರದಾಯ. ಎಂಐಟಿಯ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್ ಅವರು ಪ್ರಚುರಪಡಿಸಿದ ಈ ನಡೆಯನ್ನು ಸೌಜನ್ಯಯುತ ವೃತ್ತಿಪರತೆ ಎನ್ನಬಹುದು: ಪೂರ್ಣ ಶಕ್ತಿಯಿಂದ ಸ್ಪರ್ಧಿಸುವುದು, ಎದುರಾಳಿಯನ್ನು ಗೌರವದಿಂದ ಕಾಣುವುದು.

7. ಋತುವಿನ ನಂತರ

ಸ್ಪರ್ಧೆ ಮುಗಿದ ವಾರದೊಳಗೆ ಕಿಟ್‌ನ ಬಿಡಿಭಾಗಗಳನ್ನು ಎಣಿಸಿ ದಾಸ್ತಾನು ವಹಿಯಲ್ಲಿ ದಾಖಲಿಸಬೇಕು. ಬಳಕೆಯಿಂದ ಸವೆದ ಅಥವಾ ಕಳೆದ ಸಣ್ಣ ಭಾಗಗಳನ್ನು ನಿಯಮಾನುಸಾರ ನಮೂದಿಸಿದರೆ ಸಾಕು; ಅದಕ್ಕಾಗಿ ಕಿಟ್ಟನ್ನು ಮುಚ್ಚಿಡುವ ಅಗತ್ಯವಿಲ್ಲ. ಹತ್ತು ವರ್ಷ ಅಲುಗದ ಕಿಟ್‌ನ ದಾಸ್ತಾನು ಸರಿಯಾಗಿರಬಹುದು, ಆದರೆ ಅದನ್ನು ಕೊಟ್ಟ ಉದ್ದೇಶ ಈಡೇರಿರುವುದಿಲ್ಲ.

ಓಟಗಳ ವಹಿಯನ್ನು ಮುಂದಿನ ತಂಡಕ್ಕೆ ಹಸ್ತಾಂತರಿಸಬೇಕು. ಯಾವ ಜೋಡಣೆ ಏಕೆ ಸೋತಿತು, ಯಾವ ಬದಲಾವಣೆಯಿಂದ ಗೆದ್ದಿತು ಎಂಬುದನ್ನು ಹಿಂದಿನ ವರ್ಷದ ಮಕ್ಕಳ ಕೈಬರಹದಲ್ಲಿ ಓದುವ ಹೊಸ ತಂಡವು ಮೊದಲ ಹೆಜ್ಜೆಯಿಂದ ಆರಂಭಿಸಬೇಕಾಗಿಲ್ಲ. ಬಹುಮಾನ ಕೆಲವೇ ತಂಡಗಳಿಗೆ ದೊರೆಯುತ್ತದೆ. ಆದರೆ ಋತುವಿನ ಕೊನೆಯಲ್ಲಿ ಪ್ರತಿ ಶಾಲೆಯೂ ಒಂದು ಪರೀಕ್ಷೆಯನ್ನು ತಾನೇ ಮಾಡಿಕೊಳ್ಳಬಹುದು: ತಂಡದ ಯಾವುದೇ ಮಗುವನ್ನು ಕರೆದು ರೋಬೋಟನ್ನು ಕೈಗಿತ್ತರೆ, ಆ ಮಗು ಅದನ್ನು ಮೇಜಿನ ಮೇಲಿಟ್ಟು, ಓಡಿಸಿ, ತಪ್ಪಿದಲ್ಲಿ ಕಾರಣವನ್ನು ಹೇಳಬಲ್ಲದೇ? ಹತ್ತೂ ಮಕ್ಕಳು ಹೇಳಬಲ್ಲರಾದರೆ ಆ ಋತು ಸಾರ್ಥಕ.