ಆಫ್ರಿಕಾ ಸಫಾರಿ: ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಕಬಿನಿಯಲ್ಲೋ ನಾಗರಹೊಳೆಯಲ್ಲೋ ಸಫಾರಿ ಮಾಡಿ ಬಂದವರಿಗೆ 'ಎಕ್ಸ್‌ಟ್ರಾ' ಅಂದರೆ ಹೆಚ್ಚೆಂದರೆ ಕ್ಯಾಮೆರಾ ಲೆನ್ಸಿಗೆ ಕಟ್ಟುವ ಶುಲ್ಕ. ಕೆನ್ಯಾ, ಟಾಂಜಾನಿಯಾದ ಪ್ಯಾಕೇಜಿನಲ್ಲಿ ಎಕ್ಸ್‌ಟ್ರಾಗಳದ್ದೇ ಒಂದು ಪುಟ: ಬಲೂನ್, ರಾತ್ರಿ ಸಫಾರಿ, ಕಾಲ್ನಡಿಗೆ, ಮಸಾಯಿ ಹಳ್ಳಿ, ಬಯಲಲ್ಲಿ ಊಟ, ಪ್ರತ್ಯೇಕ ವಾಹನ, ಪುಟ್ಟ ವಿಮಾನ. ಒಂದೊಂದನ್ನು ಓದಿದಾಗಲೂ 'ಇಷ್ಟು ದೂರ ಹೋಗ್ತಾ ಇದ್ದೀವಿ, ಇದೊಂದು ಆಗಿಬಿಡಲಿ' ಅನ್ನಿಸುತ್ತದೆ. ಎಲ್ಲಕ್ಕೂ ಹೂಂ ಅಂದರೆ ಮೂಗಿಗಿಂತ ಮೂಗುತಿ ಭಾರ. ಎಲ್ಲಕ್ಕೂ ಬೇಡ ಅಂದರೆ ಊರಿಗೆ ಬಂದಮೇಲೆ ಕೈ ಕೈ ಹಿಸುಕಿಕೊಳ್ಳುವ ಸರದಿ. ನಡುವಿನ ದಾರಿಗೆ ಹದಿಮೂರು ಸೂತ್ರ ಇಲ್ಲಿವೆ.

1. ಮೂಗು ಯಾವುದೆಂದು ಮೊದಲು ಗುರುತಿಸಿ

ಸಫಾರಿಯ ಮೂಗು ಎಂದರೆ ಹುಲ್ಲುಗಾವಲಿನಲ್ಲಿ ವಾಹನದಲ್ಲಿ ಕಳೆಯುವ ಗಂಟೆಗಳು. ಉಳಿದದ್ದೆಲ್ಲ ಮೂಗುತಿ. ಹಾಗಾಗಿ ಪ್ರವೇಶ ಶುಲ್ಕ ಪ್ಯಾಕೇಜಿನೊಳಗೇ ಇದೆಯೇ ಎಂದು ಮೊದಲು ಕೇಳಿ. ಮಸಾಯಿ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಾಂಜಾನಿಯಾದ ಗೊರೊಂಗೊರೊ ಕುಳಿಗೆ ಇಳಿಯಲು ತಲೆಗೆ ಕಟ್ಟುವ ಶುಲ್ಕದ ಮೇಲೆ ವಾಹನಕ್ಕೂ ಬೇರೆ ಕಟ್ಟಬೇಕು. ಅಗ್ಗದ ಪ್ಯಾಕೇಜು ಅಗ್ಗವಾಗಿ ಕಾಣುವುದು ಹಲವು ಸಲ ಇವನ್ನು ಹೊರಗಿಟ್ಟಿರುವುದರಿಂದಲೇ. ಇವು ಎಕ್ಸ್‌ಟ್ರಾ ಅಲ್ಲ, ಟಿಕೆಟ್ಟು. ಎಕ್ಸ್‌ಟ್ರಾ ಲೆಕ್ಕ ಇದಾದಮೇಲೆ ಶುರು.

2. 'ನಮ್ಮ ಕಾಡಲ್ಲಿ ಸಿಗುತ್ತಾ?' ಎಂದು ಕೇಳಿಕೊಳ್ಳಿ

ಈ ಒಂದು ಪ್ರಶ್ನೆ ಅರ್ಧ ಪಟ್ಟಿಯನ್ನು ಅಳಿಸುತ್ತದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಬರುವ ಆನೆ ಹಿಂಡುಗಳನ್ನು ಕಂಡವರು ಆನೆಗಾಗಿಯೇ ಇನ್ನೊಂದು ಉದ್ಯಾನ ಸೇರಿಸುವ ಮೊದಲು ಯೋಚಿಸಲಿ. ದೋಣಿ ಸಫಾರಿಯೂ ನಮಗೆ ಹೊಸದಲ್ಲ, ಆದರೆ ನೈವಾಶಾ ಕೆರೆಯ ದೋಣಿಯ ಪಕ್ಕ ಮೂಗು ಎತ್ತುವ ನೀರಾನೆ ಕಬಿನಿಯಲ್ಲಿಲ್ಲ. ಕಣ್ಣು ಹಾಯುವಷ್ಟು ದೂರದ ಬಯಲು, ಚೀತಾದ ಬೇಟೆ, ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್‌ಗಳ ವಲಸೆ, ಇವು ಕಬಿನಿ, ನಾಗರಹೊಳೆಯಲ್ಲಿ ಸಿಗುವುದಿಲ್ಲ. ದುಡ್ಡು ಅಲ್ಲಿಗೆ ಹೋಗಲಿ.

3. ಬೆಳಗನ್ನು ತಿನ್ನುವ ಎಕ್ಸ್‌ಟ್ರಾಗೆ ಎರಡು ಬೆಲೆ

ಪ್ರಾಣಿಗಳು ಚುರುಕಾಗಿರುವುದು ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಮಧ್ಯಾಹ್ನ ಸಿಂಹವೂ ಮಲಗಿರುತ್ತದೆ, ಗೈಡೂ ತೂಕಡಿಸುತ್ತಾನೆ. ಮಧ್ಯಾಹ್ನ ಮುಗಿಯುವ ಎಕ್ಸ್‌ಟ್ರಾಗೆ ಬರೀ ಡಾಲರ್ ಕೊಡುತ್ತೀರಿ. ಬೆಳಿಗ್ಗೆಯದಕ್ಕೆ ಡಾಲರ್ ಜೊತೆಗೆ ಒಂದು ಸಫಾರಿಯನ್ನೂ ಕೊಡುತ್ತೀರಿ. ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಹೊತ್ತು ಯಾವುದೆಂದು ಬರೆದುಕೊಳ್ಳಿ.

4. ಮೊದಲ ದುಡ್ಡು ವಾಹನಕ್ಕೆ

ಒಂದೇ ಒಂದು ಎಕ್ಸ್‌ಟ್ರಾ ಆರಿಸಬೇಕಾದರೆ ಇದನ್ನೇ ಆರಿಸಿ. ಹಂಚಿಕೊಂಡ ವಾಹನದಲ್ಲಿ ಆರು ಜನ, ಆರು ಆಸೆ. ನೀವು ಹುತ್ತದ ಮೇಲೆ ಕುಳಿತ ಚೀತಾ ಇಳಿದು ಓಡಲಿ ಎಂದು ಕಾಯುತ್ತಿದ್ದರೆ, ಹಿಂದಿನ ಸೀಟಿನವರಿಗೆ 'ಚೀತಾ ಆಯ್ತು, ಸಿಂಹ ಎಲ್ಲಿ?' ಎಂಬ ಅವಸರ. ಬೇಟೆ ನೋಡಬೇಕೆಂದರೆ ಒಂದೇ ಕಡೆ ಎರಡು ಗಂಟೆ ಕೂರುವ ಸ್ವಾತಂತ್ರ್ಯ ಬೇಕು. ಪ್ರತ್ಯೇಕ ವಾಹನದಲ್ಲಿ ನೀವು ಕೊಳ್ಳುವುದು ಅದನ್ನೇ. ದಿನಕ್ಕೆ 150ರಿಂದ 300 ಡಾಲರ್ ಆಸುಪಾಸು ಕೇಳುತ್ತಾರೆ, ಕ್ಯಾಂಪಿನಿಂದ ಕ್ಯಾಂಪಿಗೆ ವ್ಯತ್ಯಾಸ ಇರುತ್ತದೆ. ನಾಲ್ಕೈದು ಜನರ ಕುಟುಂಬಕ್ಕೆ ಹಂಚಿದರೆ ಇದು ಪಟ್ಟಿಯಲ್ಲಿರುವ ಬೇರೆ ಎಷ್ಟೋ ಬಾಬತ್ತಿಗಿಂತ ಅಗ್ಗ. ಇಬ್ಬರೇ ಇದ್ದರೆ ಎಲ್ಲ ದಿನಕ್ಕೂ ಬೇಡ, ಎರಡು ದಿನಕ್ಕೆ ಸಾಕು.

ವ್ಯಾನೋ ಲ್ಯಾಂಡ್ ಕ್ರೂಸರ್ರೋ ಎಂಬುದೂ ಮುಖ್ಯ. ಮಾರಾದ ಬಹುಭಾಗ ಎರೆ ನೆಲ. ಮಳೆಗೆ ಎರೆ ಮಣ್ಣು ಏನು ಮಾಡುತ್ತದೆಂದು ಗದಗ, ಧಾರವಾಡದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮಾರ್ಚ್‌ನಿಂದ ಮೇವರೆಗಿನ ಮಳೆಗಾಲದಲ್ಲಿ ಹೋಗುವವರು ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಗೆ ಮರುಮಾತಿಲ್ಲದೆ ದುಡ್ಡು ಕೊಡಿ. ಹಂಚಿಕೊಂಡ ವಾಹನವೇ ಆದರೆ 'ಎಲ್ಲರಿಗೂ ಕಿಟಕಿ ಸೀಟು' ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ.

5. ಬಲೂನು: ಯಾವಾಗ ಹೂಂ, ಯಾವಾಗ ಉಹೂಂ

ಮಾರಾದಲ್ಲಿ ತಲೆಗೆ 450–550 ಡಾಲರ್, ಸೆರೆಂಗೆಟಿಯಲ್ಲಿ ಇನ್ನೂ ತುಸು ಹೆಚ್ಚು. ಡಾಲರಿಗೆ 90 ರೂಪಾಯಿ ಎಂದು ಹಿಡಿದರೂ ದಂಪತಿಗೆ 90,000 ರೂಪಾಯಿ ಆಸುಪಾಸು. ಹಾರಾಟ ಸುಮಾರು ಒಂದು ಗಂಟೆ. ಏಳುವುದು ಬೆಳಗಿನ ಜಾವ ನಾಲ್ಕಕ್ಕೋ ನಾಲ್ಕೂವರೆಗೋ. ಕೊನೆಯಲ್ಲಿ ಬಯಲಲ್ಲಿ ಶಾಂಪೇನ್ ಜೊತೆ ತಿಂಡಿ.

ಬಲೂನಿನಿಂದ ಸಿಂಹದ ಮುಖ ಕಾಣುವುದಿಲ್ಲ, ನೆಲದ ಚಿತ್ರ ಕಾಣುತ್ತದೆ. ನದಿಯ ಬಳುಕು, ಹಿಂಡುಗಳು ಸವೆಸಿದ ಸಾಲು ದಾರಿ, ಹುಲ್ಲಿನ ಮೇಲೆ ಉದ್ದುದ್ದ ನೆರಳು. ಆದ್ದರಿಂದ ವೈಲ್ಡ್‌ಬೀಸ್ಟ್ ಹಿಂಡು ಮಾರಾದಲ್ಲಿರುವ ಜುಲೈ–ಅಕ್ಟೋಬರಿನಲ್ಲಿ ಈ ದುಡ್ಡಿಗೆ ತಕ್ಕ ನೋಟ. ಹಿಂಡು ಇಲ್ಲದ ತಿಂಗಳಲ್ಲಿ ನೀವು ಕೊಳ್ಳುವುದು ಸೂರ್ಯೋದಯವನ್ನು. ಜನವರಿಯಿಂದ ಮಾರ್ಚ್‌ವರೆಗೆ ಹೋಗುವವರು ದಕ್ಷಿಣ ಸೆರೆಂಗೆಟಿಯ ಎನ್ಡೂಟು ಕಡೆ ಕರು ಹಾಕುವ ಹಿಂಡುಗಳನ್ನು ನೆಲದಿಂದಲೇ ನೋಡಿದರೆ ಮೇಲು.

ಬುಟ್ಟಿ ಇಳಿಯುವಾಗ ಪಕ್ಕಕ್ಕೆ ಉರುಳುವುದು ಮಾಮೂಲಿ. ಬೆನ್ನು, ಮಂಡಿ ನೋವಿನವರಿಗೆ, ಗರ್ಭಿಣಿಯರಿಗೆ ಇದು ಬೇಡ. ಏಳು ವರ್ಷದೊಳಗಿನ ಮಕ್ಕಳನ್ನು ಹಲವು ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಗಾಳಿ ಕೈಕೊಟ್ಟು ಹಾರಾಟ ರದ್ದಾದರೆ ದುಡ್ಡು ಪೂರ್ತಿ ವಾಪಸ್ಸೋ ಎಂದು ಕೇಳಿಯೇ ಕಟ್ಟಿ.

6. ರಾತ್ರಿ ಸಫಾರಿ, ಕಾಲ್ನಡಿಗೆ: ಜಾಗ ಬದಲಿಸಿ

ಬಂಡೀಪುರದಲ್ಲಿ ರಾತ್ರಿ ಒಂಬತ್ತಾದಮೇಲೆ ಹೆದ್ದಾರಿಯಲ್ಲೇ ಗಾಡಿ ಬಿಡುವುದಿಲ್ಲ, ಇನ್ನು ರಾತ್ರಿ ಸಫಾರಿ ಎಲ್ಲಿಂದ ಬಂತು? ಹಾಗಾಗಿ ನಮಗೆ ಇದು ನಿಜಕ್ಕೂ ಹೊಸದು. ಆದರೆ ಮಾರಾ ಮೀಸಲು ಪ್ರದೇಶದ ಒಳಗೂ ರಾತ್ರಿ ಸಫಾರಿ ಇಲ್ಲ. ಅದಕ್ಕೆ ಅಂಚಿನಲ್ಲಿರುವ ನಬೊಯಿಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳಿಗೆ ಹೋಗಬೇಕು. ಮಸಾಯಿ ಜನ ತಮ್ಮ ಜಮೀನನ್ನು ಬಾಡಿಗೆಗೆ ಕೊಟ್ಟು ಪ್ರಾಣಿಗಳಿಗೆ ಬಿಟ್ಟ ನೆಲ ಇದು. ಗಾಡಿಗಳು ಕಡಿಮೆ, ಹಾದಿ ಬಿಟ್ಟು ಹುಲ್ಲಿಗಿಳಿಯಲೂ ಅವಕಾಶ. ನಮ್ಮ ಕಾಡುಪಾಪದ ದೂರದ ನೆಂಟ ಬುಷ್‌ಬೇಬಿ, ಮುಳ್ಳುಹಂದಿ, ಬೇಟೆಗೆ ಹೊರಟ ಕತ್ತೆಕಿರುಬ ರಾತ್ರಿಯ ದೀಪಕ್ಕೆ ಸಿಗುತ್ತವೆ. ಕ್ಯಾಂಪಿನ ದರ ಹೆಚ್ಚು, ಆದರೆ ರಾತ್ರಿ ಸಫಾರಿ, ನಡಿಗೆ ಎರಡೂ ಅದರಲ್ಲೇ ಸೇರಿರುವುದುಂಟು. ಬಿಡಿ ಎಕ್ಸ್‌ಟ್ರಾ ಕೊಳ್ಳುವ ಬದಲು ಎರಡು ರಾತ್ರಿ ಇಂಥ ಕಡೆ ತಂಗುವುದು ಜಾಣತನ.

7. ಒಂದು ಕಡೆ ರಸ್ತೆ, ಒಂದು ಕಡೆ ವಿಮಾನ

ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೋಗುವಾಗ ರಸ್ತೆ ಹಿಡಿಯಿರಿ: ರಿಫ್ಟ್ ಕಣಿವೆ ಅಂಚಿನಿಂದ ಕೆಳಗೆ ತೆರೆದುಕೊಳ್ಳುವುದನ್ನು ನೋಡಬೇಕು. ಬರುವಾಗ ಮೈ ದಣಿದಿರುತ್ತದೆ, ಆಗ ವಿಮಾನ. ಕೊನೆಯ ಬೆಳಗಿನ ಸಫಾರಿಯೂ ಉಳಿಯುತ್ತದೆ. ನೆನಪಿರಲಿ, ಸಾಮಾನಿಗೆ ಸಾಧಾರಣವಾಗಿ 15 ಕಿಲೋ ಮಿತಿ, ಅದೂ ಮೆತ್ತನೆಯ ಚೀಲದಲ್ಲಿ. ಗಾಲಿ ಸೂಟ್‌ಕೇಸು ನಡೆಯುವುದಿಲ್ಲ.

8. ಮಸಾಯಿ ಹಳ್ಳಿಗೆ ಮಧ್ಯಾಹ್ನ ಹೋಗಿ

ತಲೆಗೆ 20 ಡಾಲರಿನಿಂದ ಮೇಲೆ. ಹೆಂಗಸರು ಸಗಣಿ, ಮಣ್ಣು ಮೆತ್ತಿ ಕಟ್ಟಿದ ಮನೆ, ಗಂಡಸರ ನೆಗೆತದ ಕುಣಿತ, ಕೊನೆಗೆ ಮಣಿಸರದ ಅಂಗಡಿ. ದರವನ್ನು ಬಾಗಿಲಲ್ಲೇ ಮಾತಾಡಿ, ಫೋಟೊಗೆ ಬೇರೆ ಕಾಸಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಕುಣಿತ ನೋಡಿ ಎದ್ದು ಬರಬೇಡಿ. ದನದ ಬಗ್ಗೆ ಕೇಳಿ: ಎಷ್ಟಿವೆ, ಬರಗಾಲದಲ್ಲಿ ಎಲ್ಲಿಗೆ ಹೊಡೆಯುತ್ತೀರಿ, ಸಿಂಹ ಹಿಡಿದರೆ ಏನು ಮಾಡುತ್ತೀರಿ. ದನ ಕಟ್ಟಿದ ಮನೆಯಿಂದ ಬಂದವರಾದರೆ ಮಾತು ತಾನಾಗಿ ಬೆಳೆಯುತ್ತದೆ.

9. ಗೊರಿಲ್ಲ ಎಕ್ಸ್‌ಟ್ರಾ ಅಲ್ಲ, ಬೇರೆಯೇ ಪ್ರವಾಸ

ಪರ್ಮಿಟ್ಟು ಒಬ್ಬರಿಗೆ ರುವಾಂಡದಲ್ಲಿ 1,500 ಡಾಲರ್, ಉಗಾಂಡದಲ್ಲಿ 800. ಒಂದು ಗುಂಪಿಗೆ ಎಂಟು ಜನ, ಗೊರಿಲ್ಲಗಳೊಡನೆ ಒಂದು ಗಂಟೆ, ಹದಿನೈದು ವರ್ಷ ತುಂಬಿರಬೇಕು. ನೆಗಡಿಯಿದ್ದರೂ ಒಳಗೆ ಬಿಡುವುದಿಲ್ಲ. ಮಾರಾ ಪ್ರವಾಸಕ್ಕೆ ಇದನ್ನು ಬಾಲದಂತೆ ಅಂಟಿಸಿದರೆ ಎರಡಕ್ಕೂ ನ್ಯಾಯವಿಲ್ಲ. ದುಡ್ಡು ಕೂಡಿಸಿಟ್ಟು ಇನ್ನೊಂದು ವರ್ಷ ಹೋಗಿ.

10. ಬಯಲಿನ ತಿಂಡಿ ಪುಕ್ಕಟೆ ಸಿಗುತ್ತದೆ

'ಬುಷ್ ಬ್ರೇಕ್‌ಫಾಸ್ಟ್' ಎಂದು ಬಿಳಿ ಮೇಜುಬಟ್ಟೆ ಹಾಸಿ ಬೇರೆ ಬಿಲ್ಲು ಮಾಡುತ್ತಾರೆ. ಹಿಂದಿನ ರಾತ್ರಿಯೇ 'ತಿಂಡಿ ಕಟ್ಟಿಕೊಡಿ' ಅಂದರೆ ಅದೇ ತಿಂಡಿ ಡಬ್ಬಿಯಲ್ಲಿ ಬರುತ್ತದೆ, ಗೈಡ್ ಒಂದು ಜಾಲಿಮರದ ನೆರಳಲ್ಲಿ ಗಾಡಿ ನಿಲ್ಲಿಸುತ್ತಾನೆ. ನೋಟ ಒಂದೇ, ಬಿಲ್ಲು ಇಲ್ಲ. ಕುಡಿಯದವರು ಮದ್ಯ ಸೇರಿದ ಪ್ಯಾಕೇಜ್ ಬಿಟ್ಟು ಊಟ ಮತ್ತು ಸಫಾರಿಯ ದರವನ್ನೇ ಕೇಳಿ. ಸಸ್ಯಾಹಾರಿಗಳು ಮೊದಲೇ ತಿಳಿಸಿ. ಚಪಾತಿಯನ್ನು ಭಾರತದಿಂದ ಹೋದವರು ಕೆನ್ಯಾಕ್ಕೆ ಎಂದೋ ಕಲಿಸಿದ್ದಾರೆ, ನೀವು ಒಯ್ಯಬೇಕಾದದ್ದು ಚಟ್ನಿಪುಡಿ ಮಾತ್ರ. ಪ್ಲಾಸ್ಟಿಕ್ ಕೈಚೀಲದಲ್ಲಿ ಕಟ್ಟಬೇಡಿ, ಕೆನ್ಯಾದಲ್ಲಿ 2017ರಿಂದ ಅದು ನಿಷಿದ್ಧ.

11. ಮುಟ್ಟುವ, ಸವಾರಿ ಮಾಡುವ ಆಟಕ್ಕೆ ಕಾಸು ಬಿಚ್ಚಬೇಡಿ

ಸಿಂಹದ ಮರಿ ಎತ್ತಿಕೊಳ್ಳುವುದು, ಸಿಂಹದ ಜೊತೆ ನಡೆಯುವುದು, ಆನೆ ಸವಾರಿ. ಆಫ್ರಿಕಾದ ದಕ್ಷಿಣದ ದೇಶಗಳಲ್ಲಿ ಇವನ್ನು ಮಾರುವವರಿದ್ದಾರೆ. ತಾಯಿಯಿಂದ ಬೇರ್ಪಡಿಸಿ ಕೈಯಲ್ಲಿ ಬೆಳೆಸಿದ ಮರಿ ಮತ್ತೆ ಕಾಡಿಗೆ ಹೋಗಲಾರದು. ಮರಿಗಳ ಮೇಲೆ ಅಷ್ಟು ಮಮತೆ ಇದ್ದರೆ ನೈರೋಬಿಯ ಶೆಲ್ಡ್ರಿಕ್ ಟ್ರಸ್ಟಿನಲ್ಲಿ ಅನಾಥ ಆನೆಮರಿಗಳು ಹಾಲು ಕುಡಿಯುವುದನ್ನು ಹಗ್ಗದಾಚೆ ನಿಂತು ನೋಡಿ. ಆ ಮರಿಗಳನ್ನು ಮತ್ತೆ ಕಾಡಿಗೆ ಸೇರಿಸುವುದಕ್ಕೇ ಬೆಳೆಸುತ್ತಾರೆ.

12. 'ಐಚ್ಛಿಕ' ಎಂದು ಬರೆದಿದ್ದರೂ ಬಿಡಬಾರದವು

ಟಿಪ್ಸ್: ಚಾಲಕ-ಗೈಡಿಗೆ ದಿನಕ್ಕೆ 10ರಿಂದ 20 ಡಾಲರ್ ವಾಡಿಕೆ. ಹೊಸ ನೋಟು ಒಯ್ಯಿರಿ, ಹಳೆಯ ಸರಣಿಯ ಡಾಲರ್ ನೋಟನ್ನು ಅಲ್ಲಿ ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ.

ವಿಮೆ: ಹುಲ್ಲುಗಾವಲಿನಲ್ಲಿ ಕಾಲು ಮುರಿದರೆ ದೊಡ್ಡ ಆಸ್ಪತ್ರೆ ನೈರೋಬಿಯಲ್ಲಿ. 1957ರಲ್ಲಿ ಶುರುವಾದ 'ಫ್ಲೈಯಿಂಗ್ ಡಾಕ್ಟರ್ಸ್' ಸೇವೆ ರೋಗಿಯನ್ನು ವಿಮಾನದಲ್ಲಿ ಸಾಗಿಸುತ್ತದೆ. ನಿಮ್ಮ ವಿಮೆಯಲ್ಲೋ ಕ್ಯಾಂಪಿನ ದರದಲ್ಲೋ ಇಂಥ ಸಾಗಣೆ ಸೇರಿದೆಯೇ ನೋಡಿ.

ದುರ್ಬೀನು: ತಲೆಗೊಂದು. ಒಂದೇ ದುರ್ಬೀನಿಗೆ ಗಂಡ-ಹೆಂಡತಿ ಕೈ ಚಾಚುವಷ್ಟರಲ್ಲಿ ಚಿರತೆ ಇಳಿದು ಹೋಗಿರುತ್ತದೆ. ದೊಡ್ಡ ಲೆನ್ಸನ್ನು ಬೆಂಗಳೂರಿನಲ್ಲೇ ಬಾಡಿಗೆಗೆ ಪಡೆಯಿರಿ. ಟ್ರೈಪಾಡ್ ಬೇಡ, ಖಾಲಿ ಬಟ್ಟೆಚೀಲ ಒಯ್ದು ಅಲ್ಲಿ ಅಕ್ಕಿಯೋ ಕಾಳೋ ತುಂಬಿ ಕಿಟಕಿಯ ಮೇಲಿಟ್ಟರೆ ಲೆನ್ಸ್ ಅಲುಗುವುದಿಲ್ಲ.

ಲಸಿಕೆ: ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಕೆನ್ಯಾದಿಂದ ಮರಳಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

13. ತೀರ್ಮಾನ ಮನೆಯಲ್ಲಿ ಆಗಲಿ, ಕ್ಯಾಂಪಿನ ಬೆಂಕಿಯ ಮುಂದೆ ಬೇಡ

ಸಂಜೆ ಮೈ ದಣಿದು, ಮನಸ್ಸು ಹಗುರಾಗಿ, ಬೆಂಕಿಯ ಮುಂದೆ ಕೂತಾಗಲೇ ಮ್ಯಾನೇಜರ್ ನಗುತ್ತ ಪಟ್ಟಿ ತರುತ್ತಾನೆ. ಆ ಹೊತ್ತಿನಲ್ಲಿ ಬೇಡ ಅನ್ನುವ ಗಂಡೆದೆ ಯಾರಿಗೂ ಇರುವುದಿಲ್ಲ. ಹೊರಡುವ ಮೊದಲೇ ಒಂದು ಚೀಟಿ ಬರೆದು ಪಾಸ್‌ಪೋರ್ಟಿನಲ್ಲಿಡಿ. ಮೊದಲ ಸಾಲಿನಲ್ಲಿ ಈಗಲೇ ಕಟ್ಟುವವು: ವಾಹನ, ವಿಮಾನ, ಬಲೂನ್ ಬೇಕಿದ್ದರೆ ಬಲೂನ್. ವಲಸೆಯ ತಿಂಗಳಲ್ಲಿ ಇವು ಬೇಗ ತುಂಬುತ್ತವೆ. ಎರಡನೇ ಸಾಲಿನಲ್ಲಿ ಅಲ್ಲೇ ನೋಡಿಕೊಳ್ಳುವವು: ಹಳ್ಳಿ, ದೋಣಿ. ಮೂರನೇ ಸಾಲಿನಲ್ಲಿ ಯಾರು ಏನೆಂದರೂ ಬೇಡವಾದವು.

ಒಂದು ಲೆಕ್ಕ ನೋಡಿ. ಆಗಸ್ಟಿನಲ್ಲಿ ಮಾರಾಕ್ಕೆ ಹೊರಟ ದಂಪತಿಯ ಕೈಯಲ್ಲಿ ಎಕ್ಸ್‌ಟ್ರಾಗೆಂದು 1,000 ಡಾಲರ್ ಇದೆ. ಅಷ್ಟೂ ಬಲೂನಿಗೆ ಹೋದರೆ ಒಂದು ಗಂಟೆ. ಅದೇ ದುಡ್ಡಿನಲ್ಲಿ 400 ಡಾಲರ್ ಇನ್ನೊಂದು ದಿನದ ಪ್ರವೇಶಕ್ಕೆ ಕೊಟ್ಟು, ಉಳಿದದ್ದರಲ್ಲಿ ಸಾಧಾರಣ ಕ್ಯಾಂಪಿನ ಒಂದು ರಾತ್ರಿ, ಒಂದು ದಿನದ ಪ್ರತ್ಯೇಕ ವಾಹನ ಹೊಂದಿಸಬಹುದು. ನದಿಯ ದಂಡೆಯಲ್ಲಿ ವಲಸೆಯ ಹಿಂಡು ದಾಟುತ್ತದೋ ಇಲ್ಲವೋ ಎಂದು ಕಾಯಲು ಹತ್ತು ಹನ್ನೆರಡು ಗಂಟೆ ಸಿಗುತ್ತದೆ. ಹಿಂಡು ಅಂಚಿನವರೆಗೆ ಬಂದು, ಮೊಸಳೆ ಕಂಡು ಹಿಂದಕ್ಕೆ ಸರಿದು, ಮತ್ತೆ ಬರುತ್ತದೆ. ನಿನ್ನೆ ಹೊರಟುಹೋದವರಿಗೆ ಅದು ಕಾಣುವುದಿಲ್ಲ. ಅನುಮಾನ ಬಂದಾಗಲೆಲ್ಲ ಮೂಗುತಿ ಕೆಳಗಿಡಿ, ಮೂಗಿಗೆ ಒಂದು ದಿನ ಸೇರಿಸಿ.