ಪಾದದ ನರನೋವು: ರೇಷ್ಮೆ ಬೆಳೆಗಾರರಿಗೆ ತಕ್ಕ ಪಾದರಕ್ಷೆ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಸುತ್ತಿನ ಹಳ್ಳಿಗಳಲ್ಲಿ ಅನೇಕ ಕುಟುಂಬಗಳಿಗೆ ರೇಷ್ಮೆಯೇ ಜೀವನಾಧಾರ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಐದನೆಯ ಹಂತದ ಸುಮಾರು ಒಂದು ವಾರದಲ್ಲೇ ಖರ್ಚಾಗುತ್ತದೆ. ಆ ವಾರ ತೋಟಕ್ಕೂ ಹುಳುಮನೆಗೂ ನಡೆಯುವ ರೈತರ ಕಾಲಿಗೆ ಬಿಡುವೇ ಇರುವುದಿಲ್ಲ. ಪಾದದಲ್ಲಿ ಉರಿ, ಜೋಮು ಇರುವ ಬಹುತೇಕರು ಕೆಲಸ ಬಿಡಬೇಕಾಗಿಲ್ಲ. ಆದರೆ ಪಾದರಕ್ಷೆಯ ಕಡೆ ಗಮನ ಕೊಡಲೇಬೇಕು.

ನೋವಿನ ಬಗೆಗಳು

ಮುಂಗಾಲಿನಲ್ಲಿ, ಹೆಚ್ಚಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ, ಕಲ್ಲು ಒತ್ತಿದಂತೆ ನೋವಾದರೆ ಅಲ್ಲಿಯ ನರ ಒತ್ತಡಕ್ಕೆ ಸಿಕ್ಕಿರಬಹುದು. ಮುಂಭಾಗ ಕಿರಿದಾದ ಪಾದರಕ್ಷೆ ಇದನ್ನು ಹೆಚ್ಚಿಸುತ್ತದೆ.

ಎರಡೂ ಅಂಗಾಲುಗಳಲ್ಲಿ ಉರಿ, ಜೋಮು ಇದ್ದು ರಾತ್ರಿ ಹೆಚ್ಚಾಗುತ್ತಿದ್ದರೆ ಸಕ್ಕರೆ ಕಾಯಿಲೆಯ ಅನುಮಾನವಿರಬೇಕು. ಬಿ-12 ಜೀವಸತ್ವದ ಕೊರತೆಯಿಂದಲೂ ಹೀಗಾಗುವುದುಂಟು. ರಕ್ತ ಪರೀಕ್ಷೆ ಅಗತ್ಯ. ಇಂತಹ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗುವುದರಿಂದ ಕತ್ತರಿಸಿದ ಹಿಪ್ಪುನೇರಳೆ ಕೂಳೆ ಚುಚ್ಚಿದರೂ ತಿಳಿಯದೆ ಹುಣ್ಣಾಗಬಹುದು. ನೋವಿಗಿಂತ ನೋವಿಲ್ಲದಿರುವುದೇ ಹೆಚ್ಚು ಅಪಾಯ.

ಸ್ಪರ್ಶವಿಲ್ಲದ ಪಾದದಲ್ಲಿ ಹುಣ್ಣಾಗಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವ ಒತ್ತಡವೇ ಮುಖ್ಯ ಕಾರಣ ಎಂಬುದನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗಿಗಳ ಆರೈಕೆಯಲ್ಲಿ ತೋರಿಸಿಕೊಟ್ಟರು. ಎಂ.ಸಿ.ಆರ್. ಎಂಬ ಮೃದು ರಬ್ಬರಿನ ಚಪ್ಪಲಿ ಬಳಕೆಗೆ ಬಂದದ್ದು ಇದರಿಂದಲೇ.

ಪಾದರಕ್ಷೆಯ ಆಯ್ಕೆ

1. ಸಂಜೆ ವೇಳೆ, ಪಾದ ಸ್ವಲ್ಪ ಊದಿಕೊಂಡಿರುವಾಗ ಕೊಳ್ಳಿರಿ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದುಕೊಂಡು ಹೋಗಿ ಹೋಲಿಸಿ ನೋಡಿರಿ.
2. ಬೆರಳುಗಳ ಮುಂದೆ ಸುಮಾರು ಅರ್ಧ ಅಂಗುಲ ಜಾಗವಿರಲಿ.
3. ಒಳ ಅಟ್ಟೆ ಮೃದುವಾಗಿಯೂ ಹೊರ ಅಟ್ಟೆ ಮುಳ್ಳು, ಕೂಳೆ ತೂರದಷ್ಟು ಗಟ್ಟಿಯಾಗಿಯೂ ಇರಲಿ.
4. ಜೋಮು ಇರುವವರಿಗೆ ಹವಾಯಿ ಚಪ್ಪಲಿ ಬೇಡ. ಅದು ಕಳಚಿದರೂ ತಿಳಿಯದು. ಬೆರಳ ಸಂದಿಯನ್ನೂ ಉಜ್ಜುತ್ತದೆ. ಹಿಮ್ಮಡಿ ಪಟ್ಟಿ ಇರುವುದು ಉತ್ತಮ. ತೋಟದ ಕೆಲಸಕ್ಕೆ ಮುಚ್ಚಿದ ಬೂಟು ಧರಿಸಿರಿ.

ಹುಳುಮನೆಯಲ್ಲಿ

ಹೊರಗಿನ ಚಪ್ಪಲಿ ಒಳಗೆ ತರಬಾರದೆಂಬ ನಿಯಮ ಸರಿಯಾದದ್ದೇ. ಅದು ಹುಳುಗಳಿಗೆ ರೋಗ ತಗಲುವುದನ್ನು ತಡೆಯುತ್ತದೆ. ಆದರೆ ಜೋಮು ಹಿಡಿದ ಬರಿಗಾಲಿನಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿಯ ಮೇಲೆ ನಡೆಯುವುದು ಹಾನಿಕರ. ಒಳಗಿನ ಬಳಕೆಗೆಂದೇ ಮೃದುವಾದ, ತೊಳೆಯಲು ಬರುವ ಇನ್ನೊಂದು ಜೊತೆ ಇಟ್ಟುಕೊಳ್ಳಿರಿ. ಮನೆಯನ್ನು ಶೇಕಡಾ 2ರ ಬ್ಲೀಚಿಂಗ್ ಪುಡಿ ಮತ್ತು ಶೇಕಡಾ 0.3ರ ಅರಳಿದ ಸುಣ್ಣದ ದ್ರಾವಣದಿಂದ ಸೋಂಕು ನಿವಾರಣೆ ಮಾಡುವಾಗ ಇದನ್ನೂ ತೊಳೆದು ಒಣಗಿಸಿರಿ.

ದಿನನಿತ್ಯ

ಮೆಟ್ಟುವ ಮೊದಲು ಪಾದರಕ್ಷೆಯೊಳಗೆ ಕೈಯಾಡಿಸಿ ನೋಡಿರಿ. ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ಪರೀಕ್ಷಿಸಿರಿ, ಇಲ್ಲವೇ ಮನೆಯವರಿಗೆ ತೋರಿಸಿರಿ. ಜೋಮು ಕಾಲಿಗೆ ಬಿಸಿ ಇಟ್ಟಿಗೆಯ ಶಾಖ ಕೊಡಬೇಡಿರಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿರಿ. ನಿಂತು ಸೊಪ್ಪು ಹಾಕಿದ ಮೇಲೆ ಸ್ವಲ್ಪ ಹೊತ್ತು ಕುಳಿತು ಮಾಡುವ ಕೆಲಸ ಹಿಡಿಯಿರಿ. ಗಾಯ, ಊತ, ಬಣ್ಣ ಬದಲಾವಣೆ ಕಂಡರೆ ಗೂಡು ಬಿಡಿಸುವವರೆಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿರಿ. ಮುಂದಿನ ಬೆಳೆಗೂ ಇದೇ ಕಾಲುಗಳು ಬೇಕು.